ಮತ್ತೆ ಆಗುಂಬೆ ಘಾಟಿ ಇಳಿದೆ

ಎರಡು ವರ್ಷ ನಾನು ಆಗುಂಬೆ ಘಾಟಿ ಇಳಿದಿರ್ಲಿಲ್ಲ. ಒಂದ್ಸಲ ತೀರ್ಥಹಳ್ಳಿಯಿಂದ ಉಡುಪಿಗೆ ಹೋಗೋ ಮಿನಿ ಬಸ್ಸಲ್ಲಿ ಮೂರನೇ ತಿರುವಿಗೇ ಎದೆ ಡಬಡಬ ಹೊಡ್ಕೊಂಡು, ಬೆರಳೆಲ್ಲ ಜುಮ್ ಅಂದು, ಸತ್ತೇ ಹೋದೆ ಅನ್ಸಿತ್ತು. ಇಸಿಜಿ ನಾರ್ಮಲ್ ಬಂತು, ಅಮ್ಮ ದೃಷ್ಟಿ ತೆಗೆದ್ರು, ಆದ್ರೂ ಆಮೇಲೆ ಬಸ್ ಬೇಡ, ಮದುವೆಮನೆ ಬೇಡ, ಕೊನೆಗೆ ತೋಟಕ್ಕೂ ಒಬ್ಳೇ ಹೋಗೋಕಾಗ್ತಿರ್ಲಿಲ್ಲ.

ಶಿವಮೊಗ್ಗದಲ್ಲಿ ಒಬ್ರು ಸೈಕಾಲಜಿಸ್ಟ್ ಹತ್ರ ಸಿಬಿಟಿ, ಅಂದ್ರೆ ನಮ್ಮ ಯೋಚ್ನೆ, ನಡವಳಿಕೆ ಬದಲಾಯಿಸೋಕೆ ಕಲಿಸೋ ಮಾತಿನ ಚಿಕಿತ್ಸೆ, ಶುರು ಮಾಡ್ದೆ. ಪಾಸಿಟಿವ್ ಆಗಿ ಯೋಚ್ನೆ ಮಾಡಿ ಅಂತಾರೇನೋ ಅನ್ಕೊಂಡಿದ್ದೆ, ಒಂದ್ಸಲಾನೂ ಹಾಗಂದಿಲ್ಲ ಅವ್ರು. ಒಂದು ನೋಟ್‌ಬುಕ್ಕಲ್ಲಿ ಗೀಟು ಹಾಕ್ಸಿ, ಭಯ ಆದಾಗ ಥಟ್ಟಂತ ತಲೆಗೆ ಬಂದಿದ್ದೇನು, ಅದು ನಿಜ ಅನ್ನೋಕೆ ಸಾಕ್ಷಿ ಏನು, ಅಲ್ಲ ಅನ್ನೋಕೆ ಏನು ಅಂತ ಬರೆಸ್ತಿದ್ರು. ಹೀಗೆ ಥಟ್ಟಂತ ಬರೋ ಯೋಚ್ನೆಗಳನ್ನ ಅಮೆರಿಕದ ಡಾಕ್ಟರ್ ಆರನ್ ಬೆಕ್ 1960ರ ದಶಕದಲ್ಲಿ ಡಿಪ್ರೆಶನ್ ಇರೋರಲ್ಲಿ ಗಮನಿಸಿದ್ರಂತೆ, ಈ ಚಿಕಿತ್ಸೆ ಬೆಳೆದಿದ್ದು ಅಲ್ಲಿಂದ್ಲೇ.

ನಂಗೆ ಕಣ್ಣು ತೆರೆಸಿದ್ದು ಮೂರನೇ ವಾರ. ಕುರ್ಚಿ ಮೇಲೆ ಕೂರ್ಸಿ ಒಂದು ನಿಮಿಷ ಜೋರಾಗಿ ಉಸಿರಾಡಿ ಅಂದ್ರು. ಅರ್ಧ ನಿಮಿಷಕ್ಕೇ ಅದೇ ಜುಮ್ಮು, ಅದೇ ತಲೆ ಸುತ್ತು! ಭಯ ಆದಾಗ ಉಸಿರು ಜಾಸ್ತಿ ಎಳ್ಕೊಂಡು ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತೆ, ಅದಕ್ಕೇ ಬೆರಳು ಜುಮ್ಮನ್ನೋದು, ನಾನು ಅದನ್ನ ಹಾರ್ಟ್ ಅಟ್ಯಾಕ್ ಅನ್ಕೊಂಡು ಇನ್ನೂ ಹೆದರಿ ಇನ್ನೂ ಜೋರಾಗಿ ಉಸಿರಾಡ್ತಿದ್ದೆ. ಎರಡು ವರ್ಷ ಇದನ್ನ ಯಾರೂ ನಂಗೆ ಬಿಡಿಸಿ ಹೇಳಿರ್ಲಿಲ್ಲ ಅಂತ ಅಲ್ಲೇ ಅತ್ಬಿಟ್ಟೆ.

ಆಮೇಲೆ ಹೋಮ್‌ವರ್ಕ್. ಮೊದ್ಲು ತೋಟದ ತನಕ ಒಬ್ಳೇ, ಆಮೇಲೆ ತೀರ್ಥಹಳ್ಳಿ ಪೇಟೆ, ಆಮೇಲೆ ಬಸ್ಸಲ್ಲಿ ಆಗುಂಬೆ ತನಕ ಹೋಗಿ ವಾಪಸ್. ಮಧ್ಯದಲ್ಲಿ ಇಳಿದು ಓಡ್ಬಾರ್ದು, ಭಯ ತಾನಾಗೇ ಇಳಿಯೋ ತನಕ ಕೂತಿರ್ಬೇಕು, ಕಷ್ಟ ಇದೆ, ಸುಳ್ಳು ಹೇಳಲ್ಲ. ಕೆಲವ್ರಿಗೆ ಜೊತೆಗೆ ಮಾತ್ರೇನೂ ಬೇಕಾಗುತ್ತೆ, ಅದ್ರಲ್ಲಿ ನಾಚ್ಕೊಳ್ಳೋದೇನಿಲ್ಲ. ಎಲ್ಲಿಗೆ ಹೋಗ್ಬೇಕು ಗೊತ್ತಾಗ್ದೇ ಇರೋರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ಬಹುದು, ದುಡ್ಡು ಕೊಡ್ಬೇಕಿಲ್ಲ.

ಹೋದ ತಿಂಗಳು ಘಾಟಿ ಇಳಿದೆ. ಮೂರನೇ ತಿರುವಲ್ಲಿ ಎದೆ ಹೊಡ್ಕೊಳ್ತು, ಹೊಡ್ಕೊಳ್ಳಿ ಅಂತ ಬಿಟ್ಟೆ. ಸೋಮೇಶ್ವರ ಬರೋ ಹೊತ್ತಿಗೆ ಪಕ್ಕದ ಅಜ್ಜಿ ಜೊತೆ ಅಡಿಕೆ ಕೊಳೆ ರೋಗದ ಮಾತು ನಡೀತಿತ್ತು.