ಬ್ಯಾಂಕಾಕ್‌ನಿಂದ ಹೋಯ್ ಆನ್‌ಗೆ: ನಮ್ಮ ತಯಾರಿ ಎಲ್ಲಿಗೆ ಬಂತು

ಮಾರ್ಚ್, ಜಾತ್ರೆ ಮುಗಿದ ವಾರ

ಕೊನೆಗೂ ದಿನಾಂಕ ಸಿಕ್ಕಿತು. ಜೂನ್ ಮಧ್ಯದಿಂದ ಜುಲೈ ಮಧ್ಯದವರೆಗೆ. ಥೈಲ್ಯಾಂಡ್, ಲಾವೋಸ್, ವಿಯೆಟ್ನಾಂ. ಟೂರ್ ಕಂಪನಿ ಇಲ್ಲ, ಬೆನ್ನಿಗೊಂದು ಬ್ಯಾಗು ಅಷ್ಟೇ. ಮಳೆಗಾಲದಲ್ಲಿ ಯಾರಾದರೂ ಹೋಗ್ತಾರಾ ಅಂತ ಎಲ್ಲರೂ ಕೇಳುತ್ತಿದ್ದಾರೆ. ಅದಕ್ಕೆ ಉತ್ತರ ಸ್ವಲ್ಪ ಉದ್ದ ಇದೆ.

ನಾವು ಮೂವರು. ನಾನು ಕುಮಟಾದವನು, ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ. ಇನ್ನೊಬ್ಬ ಶಿರಸಿ ಕಡೆಯವನು, ಅಡಿಕೆ ತೋಟದ ಮನೆ, ಕಾಲೇಜಿನಿಂದಲೂ ನಮಗೆ ಅವನು ಮಾಣಿ. ಮೂರನೆಯವನು ಕಾರವಾರದ ಬೈತಖೋಲದವನು, ಮನೆಯಲ್ಲಿ ಬೋಟ್ ಇದೆ. ಅವನನ್ನು ತಾಂಡೇಲ ಅನ್ನುತ್ತೇವೆ, ಬೋಟ್ ನಡೆಸುವುದು ನಿಜವಾಗಿ ಅವನ ಅಪ್ಪನಾದರೂ.

ಆ ಕಡೆ ಹೋಗಿ ಬಂದವರೆಲ್ಲ ಹೇಳುವುದು ಒಂದೇ ಮಾತು, ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ ಅಂತ. ಅವರಿಗೆ ಅಡಿಕೆ ತೋಟ ಇಲ್ಲ, ಅದಕ್ಕೆ ಹೇಳ್ತಾರೆ. ಆ ತಿಂಗಳುಗಳಲ್ಲಿ ಶಿರಸಿ ಕಡೆ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವ ಕಾಲ. ಮರ ಹತ್ತಿ ಗೊನೆ ಇಳಿಸುವ ಕೊನೆಗೌಡ ಬರುವ ದಿನ ಮಗ ಊರಲ್ಲಿಲ್ಲ ಅಂದರೆ ಮಾಣಿ ಆಮೇಲೆ ಊರಿಗೆ ಬಂದರೂ ಒಂದೇ, ಬಿಟ್ಟರೂ ಒಂದೇ. ಕೊಯ್ದು ಮುಗಿದರೆ ಸುಲಿಯಬೇಕು, ಬೇಯಿಸಬೇಕು, ಒಣಗಿಸಬೇಕು. ತಾಂಡೇಲನಿಗೂ ಅದೇ ಮೀನಿನ ಸೀಸನ್. ಅದು ಮುಗಿಯುವ ಹೊತ್ತಿಗೆ ಮಾರಿಕಾಂಬೆ ಜಾತ್ರೆ, ಎರಡು ವರ್ಷಕ್ಕೊಮ್ಮೆ ಬರುವುದು, ಅದನ್ನು ಬಿಟ್ಟು ಹೋಗುವ ಮಾತೇ ಇಲ್ಲ. ಜಾತ್ರೆ ಮುಗಿಸಿ ಹೊರಡೋಣ ಅಂದರೆ ಉತ್ತರ ಥೈಲ್ಯಾಂಡ್, ಲಾವೋಸ್‌ಗಳಲ್ಲಿ ಗದ್ದೆಗೆ, ಗುಡ್ಡಕ್ಕೆ ಬೆಂಕಿ ಹಾಕುವ ಕಾಲ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಚಿಯಾಂಗ್ ಮಾಯ್ ಊರಿಡೀ ಹೊಗೆ, ಪಕ್ಕದ ಬೆಟ್ಟ ಕಾಣದಷ್ಟು. ಏಪ್ರಿಲ್ 13ರಿಂದ 15 ಅವರ ಹೊಸ ವರ್ಷ ಸೋಂಗ್‌ಕ್ರಾನ್, ಆಗ ರೈಲು ಬಸ್ಸು ಎಲ್ಲ ತುಂಬಿರುತ್ತವೆ.

ಹೀಗೆ ಒಂದೊಂದೇ ತಿಂಗಳು ಹೊಡೆದು ಹಾಕುತ್ತಾ ಬಂದೆವು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ತಾಂಡೇಲ ಬಿಡುವಾಗುವುದು ಆಗ ಮಾತ್ರ. ಆದರೆ ಜೂನ್ ಬಂತು ಅಂದರೆ ಮಾಣಿಗೆ ಅಡಿಕೆ ಕೊಳೆತು ಉದುರುವ ಕೊಳೆ ರೋಗದ ಚಿಂತೆ. ಮಳೆ ಜೋರಾಗುವ ಮೊದಲು ಮೈಲುತುತ್ತು, ಸುಣ್ಣದ ಬೋರ್ಡೋ ದ್ರಾವಣ ಒಂದು ಸಲ ಹೊಡೆಯಬೇಕು. 40–45 ದಿನ ಬಿಟ್ಟು ಇನ್ನೊಂದು ಸಲ. ಮಾಣಿಯೇ ಕ್ಯಾಲೆಂಡರ್ ಮೇಲೆ ಬೆರಳಿಟ್ಟು ತೋರಿಸಿದ, ಮೊದಲನೇ ಔಷಧಿಗೂ ಎರಡನೇ ಔಷಧಿಗೂ ನಡುವೆ ಒಂದು ತಿಂಗಳ ಕಿಂಡಿ ಇದೆ ಮಾರಾಯಾ, ಅದರಲ್ಲಿ ನುಗ್ಗಬೇಕು ಅಂತ. ನನ್ನ ರಜೆ ಸಿಗುವುದು ಇವೆರಡಕ್ಕೆ ಹೋಲಿಸಿದರೆ ಸುಲಭ, ಸುಮ್ನೆ ಒಂದು ಮೇಲ್.

ಏಪ್ರಿಲ್, ದಾರಿ ಹುಡುಕಿದ್ದು

ದಿನಾಂಕ ಗಟ್ಟಿಯಾದ ಮೇಲೆ ದಾರಿ ತಾನಾಗೇ ಬದಲಾಯಿತು. ಮೊದಲು ಪಟ್ಟಿಯಲ್ಲಿ ಕ್ರಾಬಿ, ಫುಕೆಟ್ ಇದ್ದವು, ತಾಂಡೇಲನ ಆಸೆ. ಆದರೆ ಅವು ಇರುವುದು ಅಂಡಮಾನ್ ಸಮುದ್ರದ ಕಡೆ. ನಮ್ಮನ್ನು ಜೂನ್‌ನಲ್ಲಿ ನೆನೆಸುವ ನೈಋತ್ಯ ಮುಂಗಾರೇ ಅಲ್ಲೂ ಹೊಡೆಯುತ್ತದೆ. ಕಾರವಾರದ ಮಳೆ ಬಿಟ್ಟು ಅಷ್ಟು ದುಡ್ಡು ಕೊಟ್ಟು ಮತ್ತೊಂದು ಕಾರವಾರದ ಮಳೆಗೆ ಯಾಕೆ ಹೋಗಬೇಕು? ಎರಡೂ ರದ್ದು.

ವಿಯೆಟ್ನಾಂನ ನಡುವಿನ ಕರಾವಳಿಯ ಕಥೆ ಬೇರೆ. ಹ್ಯೂ, ಡಾ ನಾಂಗ್, ಹೋಯ್ ಆನ್. ಅಲ್ಲಿ ಜೂನ್, ಜುಲೈ ಒಣ ತಿಂಗಳು. ಲಾವೋಸ್ ಮತ್ತು ವಿಯೆಟ್ನಾಂ ಗಡಿಯುದ್ದಕ್ಕೂ ಒಂದು ಬೆಟ್ಟದ ಸಾಲಿದೆ, ಅನ್ನಮೈಟ್ ಅನ್ನುತ್ತಾರೆ. ಪಶ್ಚಿಮದಿಂದ ಬಂದ ಮೋಡ ಲಾವೋಸ್ ಕಡೆ ಸುರಿದು ಮುಗಿಸುತ್ತದೆ, ಆಚೆ ಇಳಿಯುವುದು ಬರೀ ಬಿಸಿಗಾಳಿ. ನಮ್ಮ ಘಟ್ಟ ಮಳೆಯನ್ನೆಲ್ಲ ಶಿರಸಿ, ಸಿದ್ದಾಪುರಕ್ಕೆ ಇಳಿಸಿಕೊಂಡು ಹುಬ್ಬಳ್ಳಿಗೆ ಚೂರುಪಾರು ಕಳಿಸುವ ಹಾಗೆ. ಅಲ್ಲಿ ಜೋರು ಮಳೆ, ನೆರೆ ಎಲ್ಲ ಅಕ್ಟೋಬರ್, ನವೆಂಬರ್‌ಗೆ. ಅಂದರೆ ಎಲ್ಲರೂ ಒಳ್ಳೆಯ ಕಾಲ ಅನ್ನುವಾಗ ಹೋಗಿದ್ದರೆ ಹೋಯ್ ಆನ್‌ನಲ್ಲಿ ಮೊಣಕಾಲುದ್ದ ನೀರಲ್ಲಿ ನಡೆಯಬೇಕಾಗಿ ಬರುತ್ತಿತ್ತೋ ಏನೋ! ಸೆಕೆ ಇರುತ್ತದೆ, 35 ಡಿಗ್ರಿ ದಾಟುವುದು ಮಾಮೂಲು. ಮೇ ತಿಂಗಳ ಅಂಕೋಲಾ ನೋಡಿದವರಿಗೆ ಅದೇನು ದೊಡ್ಡದಲ್ಲ.

ಈಗಿನ ದಾರಿ ಹೀಗಿದೆ. ಬೆಂಗಳೂರಿನಿಂದ ಬ್ಯಾಂಕಾಕ್, ಅಲ್ಲಿಂದ ರಾತ್ರಿ ರೈಲಿಗೆ ಚಿಯಾಂಗ್ ಮಾಯ್. ದೂರದ ರೈಲುಗಳಲ್ಲಿ ಹೆಚ್ಚಿನವು 2023ರ ಜನವರಿಯಿಂದ ಕ್ರುಂಗ್ ಥೇಪ್ ಅಪಿವಟ್ ಅನ್ನುವ ಹೊಸ ಸ್ಟೇಷನ್‌ನಿಂದ ಹೊರಡುತ್ತವೆ. ಹಳೆಯ ಬರಹ ಓದಿ ಮೊದಲಿನ ಸ್ಟೇಷನ್ ಹುವಾ ಲಂಫೋಂಗ್‌ಗೆ ಹೋಗಿ ನಿಂತರೆ ರೈಲು ಸಿಗುವುದಿಲ್ಲ. ಚಿಯಾಂಗ್ ಮಾಯ್‌ನಿಂದ ಬಸ್ಸಿನಲ್ಲಿ ಚಿಯಾಂಗ್ ಖೋಂಗ್, ಮೆಕಾಂಗ್ ಹೊಳೆಯ ಸೇತುವೆ ದಾಟಿದರೆ ಲಾವೋಸ್‌ನ ಹುವಾಯ್ ಸಾಯ್. ಅಲ್ಲಿಂದ ಲುವಾಂಗ್ ಪ್ರಬಾಂಗ್‌ಗೆ ದೋಣಿ.

ದೋಣಿಯ ಮೇಲೆ ಜಾಸ್ತಿ ಚರ್ಚೆ ಆಯಿತು. ನಿಧಾನದ ದೋಣಿ ಎರಡು ದಿನ ತೆಗೆದುಕೊಳ್ಳುತ್ತದೆ, ರಾತ್ರಿ ಪಾಕ್‌ಬೆಂಗ್ ಎಂಬ ಊರಲ್ಲಿ ತಂಗಬೇಕು. ಸ್ಪೀಡ್ ಬೋಟ್ ಒಂದೇ ದಿನದಲ್ಲಿ ಮುಟ್ಟಿಸುತ್ತದೆ. ನನಗೂ ಮಾಣಿಗೂ ಸ್ಪೀಡ್ ಬೋಟ್ ಮೇಲೆ ಕಣ್ಣು. ತಾಂಡೇಲ ಒಂದೇ ಮಾತಲ್ಲಿ ಮುಗಿಸಿದ: "ಮಳೆಗಾಲದ ಹೊಳೆಯಲ್ಲಿ ದಿಮ್ಮಿ ತೇಲಿ ಬರ್ತದೆ. ನೀರಿನ ಬಣ್ಣಕ್ಕೆ ಅದು ಕಾಣೂದೇ ಇಲ್ಲ. ನೀವು ಬೇಕಾದ್ರೆ ಹೋಗಿ, ನಾ ಬರೂದಿಲ್ಲ." ಬೋಟಿನ ವಿಷಯದಲ್ಲಿ ಅವನ ಮಾತು ಮೀರುವಷ್ಟು ಧೈರ್ಯ ನಮಗಿಲ್ಲ. ನಿಧಾನದ ದೋಣಿಯೇ ಆಯಿತು.

ಲುವಾಂಗ್ ಪ್ರಬಾಂಗ್‌ನಿಂದ ವಿಯೆಂಟಿಯಾನ್‌ಗೆ ರೈಲು. ಚೀನಾ–ಲಾವೋಸ್ ರೈಲು ಮಾರ್ಗ ಶುರುವಾಗಿದ್ದು 2021ರ ಡಿಸೆಂಬರ್ 3ಕ್ಕೆ. ಮೊದಲು ಬೆಟ್ಟದ ರಸ್ತೆಯಲ್ಲಿ ಇಡೀ ದಿನ ಹಿಡಿಯುತ್ತಿದ್ದ ದಾರಿ ಈಗ ಸುಮಾರು ಎರಡು ಗಂಟೆ. ದಾರಿಯುದ್ದಕ್ಕೂ ಸುರಂಗ, ಕೊಂಕಣ ರೈಲಲ್ಲಿ ಓಡಾಡಿದ ನಮಗೆ ಅದು ಹೊಸದಲ್ಲ. ಆಮೇಲೆ ಬಸ್ಸಲ್ಲಿ ಸವನ್ನಾಖೇತ್, ಅಲ್ಲಿಂದ 9ನೇ ನಂಬರ್ ರಸ್ತೆ ಹಿಡಿದು ಲಾವ್ ಬಾವ್ ಗಡಿ. ಅಲ್ಲೇ ಅನ್ನಮೈಟ್ ಬೆಟ್ಟ ದಾಟುವುದು. ಮೋಡ ಎಲ್ಲಿ ನಿಲ್ಲುತ್ತದೆ ಅಂತ ಕಣ್ಣಾರೆ ನೋಡಬೇಕು ಅಂತ ನನಗೆ ಆಸೆ. ವಿಮಾನದಲ್ಲಿ ಹೋದರೆ ಅದು ತಪ್ಪಿಹೋಗುತ್ತದೆ ಅಲ್ವಾ?

ಕಾಂಬೋಡಿಯಾ ಕೈಬಿಟ್ಟೆವು. 2025ರ ಮೇ ಕೊನೆಯಲ್ಲಿ ಥೈಲ್ಯಾಂಡ್ ಜೊತೆ ಜಗಳ ಶುರುವಾಗಿ ಜೂನ್‌ನಲ್ಲಿ ಗಡಿ ದಾರಿಗಳು ಮುಚ್ಚಿದವು, ಜುಲೈಯಲ್ಲಿ ಗುಂಡಿನ ಕಾಳಗವೇ ಆಯಿತು. ಅಲ್ಲಿಯ ಅಂಗ್ಕೋರ್ ದೇವಸ್ಥಾನಗಳು ಇನ್ನೊಮ್ಮೆ.

ಮೇ ಮೊದಲ ವಾರ, ಕಾಗದಪತ್ರ

ತಾಂಡೇಲನ ಪಾಸ್‌ಪೋರ್ಟ್ ಬಂತು. ಹುಬ್ಬಳ್ಳಿಗೆ ಹೋಗಿ ಮಾಡಿಸಿದ್ದು, 36 ಪುಟದ್ದಕ್ಕೆ 1,500 ರೂಪಾಯಿ. ನಮ್ಮ ಕಡೆ ಎಲ್ಲರ ಹೆಸರಿಗೂ ಮುಂದೆ ಹಿಂದೆ ಇನಿಶಿಯಲ್ ಇರುತ್ತದಲ್ಲ, ಪಾಸ್‌ಪೋರ್ಟಿನಲ್ಲಿ ಅದು ನಡೆಯುವುದಿಲ್ಲ, ಪೂರ್ತಿ ಬಿಡಿಸಿ ಬರೆಯಬೇಕು. ಮುಂದೆ ವೀಸಾ, ಟಿಕೆಟ್ ಎಲ್ಲದರಲ್ಲೂ ಅಕ್ಷರ ಅಕ್ಷರ ಅದೇ ಹೆಸರು. ಯಾರಾದರೂ ಹೊಸದಾಗಿ ಮಾಡಿಸುವವರಿದ್ದರೆ ಇದನ್ನು ಮೊದಲೇ ಯೋಚಿಸಿ.

ಥೈಲ್ಯಾಂಡ್ 2024ರ ಜುಲೈ 15ರಿಂದ ಭಾರತೀಯರಿಗೆ ವೀಸಾ ಇಲ್ಲದೆ 60 ದಿನ ಅಂತ ಮಾಡಿತು. ಇಂಥ ನಿಯಮ ಆಗಾಗ ಬದಲಾಗುತ್ತದೆ, ಹೊರಡುವ ವಾರ ಮತ್ತೆ ನೋಡುತ್ತೇವೆ. 2025ರ ಮೇ 1ರಿಂದ ಒಂದು ಡಿಜಿಟಲ್ ಅರೈವಲ್ ಕಾರ್ಡ್ ಕೂಡ ತುಂಬಬೇಕು, ಇಳಿಯುವ ದಿನಕ್ಕೆ ಮುಂಚಿನ ಮೂರು ದಿನದೊಳಗೆ, ಆನ್‌ಲೈನ್‌ನಲ್ಲಿ. ಅದಕ್ಕೆ ಸರ್ಕಾರ ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ. ದುಡ್ಡು ಕೇಳುವ ಸೈಟು ಕಂಡರೆ ಅದು ಬೇರೆಯವರದ್ದು ಅಂತ ತಿಳಿಯಿರಿ. ಲಾವೋಸ್‌ಗೆ ಗಡಿಯಲ್ಲೇ ವೀಸಾ ಕೊಡುತ್ತಾರೆ, ಫೋಟೊ ಮತ್ತು ಡಾಲರ್ ಬೇಕು, ನೋಟು ಹರಿದಿರಬಾರದು. ವಿಯೆಟ್ನಾಂಗೆ ಇ-ವೀಸಾ, ಒಂದು ಸಲ ಹೋಗಿ ಬರುವುದಕ್ಕೆ 25 ಡಾಲರ್, 90 ದಿನದವರೆಗೆ. ಯಾವ ಗಡಿಯಿಂದ ಒಳಗೆ ಬರುತ್ತೀರಿ ಅಂತ ಅದರಲ್ಲೇ ಆರಿಸಬೇಕು, ನಾವು ಲಾವ್ ಬಾವ್ ಹಾಕಿದ್ದೇವೆ.

ಬೈಕಿನ ಆಸೆ ಮುಗಿಯಿತು. ಆರ್‌ಟಿಒದಲ್ಲಿ ಸಾವಿರ ರೂಪಾಯಿ ಕಟ್ಟಿದರೆ ಒಂದು ವರ್ಷದ ಇಂಟರ್‌ನ್ಯಾಷನಲ್ ಪರ್ಮಿಟ್ ಕೊಡುತ್ತಾರೆ. ಆದರೆ ಭಾರತ ಕೊಡುವುದು 1949ರ ಜಿನೀವಾ ಒಪ್ಪಂದದ ಪರ್ಮಿಟ್, ವಿಯೆಟ್ನಾಂ ಒಪ್ಪುವುದು 1968ರ ವಿಯೆನ್ನಾ ಒಪ್ಪಂದದ್ದು. ಬಾಡಿಗೆ ಕೊಡುವವರು ಏನೂ ಕೇಳುವುದಿಲ್ಲವಂತೆ, ಬಿದ್ದರೆ ಕೇಳುವುದು ಇನ್ಶೂರೆನ್ಸ್‌ನವರು. ದೇವಿಮನೆ ಘಾಟಿಯಲ್ಲಿ ಮಳೆಯಲ್ಲೇ ಬೈಕ್ ಹೊಡೆಯುವ ಮಾಣಿಗೆ ಇದು ಅವಮಾನ. ಹ್ಯೂನಿಂದ ಡಾ ನಾಂಗ್‌ಗೆ ರೈಲಿನಲ್ಲಿ ಹೋಗೋಣ ಅಂದೆ, ಹಾಯ್ ವಾನ್ ಘಾಟಿಯಲ್ಲಿ ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಸಮುದ್ರ. ಅರ್ಧ ಮನಸ್ಸಿಂದ ಹೂಂ ಅಂದಿದ್ದಾನೆ.

ದುಡ್ಡು: ತಲೆಗೆ ಒಂದು ಲಕ್ಷದೊಳಗೆ ಮುಗಿಸಬೇಕು ಅಂತ ಲೆಕ್ಕ, ವಿಮಾನ ಸೇರಿ. ತಾಂಡೇಲನದ್ದು ಪಿಗ್ಮಿ ಕಟ್ಟಿ ಕೂಡಿಸಿದ ದುಡ್ಡು, ಅದನ್ನು ಖರ್ಚು ಮಾಡುವುದಕ್ಕೆ ನಮಗೇ ಕೈ ನಡುಗುತ್ತದೆ. ಥೈಲ್ಯಾಂಡ್ ಎಟಿಎಂಗಳು ಹೊರದೇಶದ ಕಾರ್ಡಿಗೆ ಪ್ರತಿ ಸಲ 220 ಬಾತ್ ಅಥವಾ ಹೆಚ್ಚು ಹಿಡಿಯುತ್ತವೆ, ಹಾಗಾಗಿ ಚೂರು ಚೂರು ತೆಗೆಯುವ ಹಾಗಿಲ್ಲ. ವಿಯೆಟ್ನಾಂನಲ್ಲಿ ಸಾವಿರ ಡಾಂಗ್ ಅಂದರೆ ಮೂರು ರೂಪಾಯಿ ಚಿಲ್ಲರೆ. 20 ಸಾವಿರದ ನೋಟೂ ನೀಲಿ, 5 ಲಕ್ಷದ ನೋಟೂ ನೀಲಿ. ಕತ್ತಲಲ್ಲಿ ಚಹಾದ ದುಡ್ಡು ಕೊಡುವ ಕೆಲಸ ಮಾಣಿಗೆ ಕೊಡಬಾರದು ಅಂತ ತೀರ್ಮಾನ ಆಗಿದೆ.

ಮೇ ಕೊನೆ, ಬ್ಯಾಗು ಹೊತ್ತು ನೋಡಿದ್ದು

ವಿಮಾನದ ಅಗ್ಗದ ಟಿಕೆಟ್ಟಿಗೆ 7 ಕೆ.ಜಿ. ಮಾತ್ರ ಕೈಯಲ್ಲಿ ಒಯ್ಯಬಹುದು. ಮಾಣಿಯ ಮನೆಯಲ್ಲಿ ಅಡಿಕೆ ತೂಗುವ ಕಾಟಾದಲ್ಲಿ ಮೂರೂ ಬ್ಯಾಗು ತೂಗಿದೆವು. ಅವನದ್ದೇ ಎಲ್ಲಕ್ಕಿಂತ ಭಾರ. ತೆರೆದು ನೋಡಿದರೆ ಚಟ್ನಿಪುಡಿ, ಗೊಜ್ಜವಲಕ್ಕಿ ಪುಡಿ, ಮಿಡಿ ಉಪ್ಪಿನಕಾಯಿ, ಜೊತೆಗೆ ಒಂದು ಕಟ್ಟು ಹಲಸಿನ ಹಪ್ಪಳ. ಹಪ್ಪಳ ಎಲ್ಲಿ ಕರಿಯುತ್ತೀಯಾ ಅಂತ ಕೇಳಿದರೆ ಆಯಿ (ಅಮ್ಮ) ಹಾಕಿದ್ದು ಅಂದ. ಉಪ್ಪಿನಕಾಯಿಯ ಎಣ್ಣೆ ಕೈಸಾಮಾನಿನಲ್ಲಿ ತಂಟೆ ಮಾಡುತ್ತದೆ ಅಂತ ಅದು ಮತ್ತು ಹಪ್ಪಳ ಹೊರಗೆ. ತಾಂಡೇಲ ಒಣಮೀನು ತರುತ್ತೇನೆ ಅಂದಿದ್ದ, ಅದಕ್ಕೆ ನಾವಿಬ್ಬರೂ ಒಂದೇ ದನಿಯಲ್ಲಿ ಬೇಡ ಅಂದೆವು.

ಮಾಣಿಯ ಊಟದ್ದು ನಿಜವಾದ ಸಮಸ್ಯೆ. ಅವನು ಮೀನು ಮಾಂಸ ಮುಟ್ಟುವುದಿಲ್ಲ, ಅಲ್ಲಿ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಹಾಕುತ್ತಾರೆ. ವಿಯೆಟ್ನಾಂನಲ್ಲಿ 'ಚಾಯ್' ಅಂತ ಬೋರ್ಡಿರುವ ಹೋಟೆಲುಗಳು ಬೌದ್ಧ ಸಸ್ಯಾಹಾರದವು. ಅಮಾವಾಸ್ಯೆ ಹುಣ್ಣಿಮೆ ಹೊತ್ತಿಗೆ ಅಲ್ಲಿಯ ಎಷ್ಟೋ ಜನ ಮಾಂಸ ಬಿಡುವುದರಿಂದ ಆಗ ಇನ್ನೂ ಸುಲಭ. ಥೈಲ್ಯಾಂಡ್‌ನಲ್ಲಿ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಹುಡುಕಬೇಕು. ಲಾವೋಸ್‌ನಲ್ಲಿ ಅಂಟು ಅನ್ನ ಎಲ್ಲೆಡೆ ಸಿಗುತ್ತದೆ, ಅದಕ್ಕೆ ಚಟ್ನಿಪುಡಿ. ಪುಡಿಗಳನ್ನು ಅದಕ್ಕೇ ಬಿಟ್ಟಿದ್ದು.

ಬ್ಯಾಗು ಹೊತ್ತು ಕುಮಟಾದಿಂದ ಗೋಕರ್ಣಕ್ಕೆ ದಂಡೆ ಹಿಡಿದು ನಡೆದೆವು. ಅಘನಾಶಿನಿಯಲ್ಲಿ ಹೊಳೆ ದಾಟಿ ತದಡಿ, ಅಲ್ಲಿಂದ ಬೇಲೆಕಾನ, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ. ಮರಳಲ್ಲಿ ಏಳು ಕೆ.ಜಿ. ಹದಿನೈದರಂತೆ ಆಗುತ್ತದೆ. ಸೊಂಟದ ಪಟ್ಟಿ ಇಲ್ಲದ ಬ್ಯಾಗು ತಾಂಡೇಲನದ್ದು, ಓಂ ಬೀಚಿಗೆ ಬರುವಷ್ಟರಲ್ಲಿ ಅವನು ಹುಬ್ಬಳ್ಳಿಯಲ್ಲಿ ಬೇರೆ ಬ್ಯಾಗು ನೋಡುವುದಾಗಿ ಹೇಳಿದ. ಚಪ್ಪಲಿಯಲ್ಲಿ ನಡೆದ ಮಾಣಿಗೆ ಏನೂ ಆಗಲಿಲ್ಲ. ದುಬಾರಿ ಬೂಟಿನ ನನಗೆ ಬೊಬ್ಬೆ. ಬೂಟು ಮನೆಯಲ್ಲೇ ಇರಲಿ.

ಮಾಣಿಯ ಆಯಿ ಇನ್ನೂ ಪೂರ್ತಿ ಒಪ್ಪಿರಲಿಲ್ಲ. ನನ್ನನ್ನು ಕರೆದು "ತಮಾ, ಅಲ್ಲಿ ದೇವಸ್ಥಾನ ಇದ್ದಾ?" ಅಂತ ಕೇಳಿದರು. ಹೋಯ್ ಆನ್‌ನಿಂದ ಸುಮಾರು 40 ಕಿ.ಮೀ. ದೂರದಲ್ಲಿ ಮೀ ಸನ್ ಇದೆ. ಚಾಮ್ ರಾಜರು ಕಟ್ಟಿಸಿದ ಇಟ್ಟಿಗೆಯ ಶಿವಾಲಯಗಳು. ಮೊದಲ ಗುಡಿ ಕಟ್ಟಿಸಿದ್ದು ನಾಲ್ಕನೇ ಶತಮಾನದಲ್ಲಿ ಭದ್ರವರ್ಮ, ದೇವರ ಹೆಸರು ಭದ್ರೇಶ್ವರ. 1969ರಲ್ಲಿ ಅಮೆರಿಕದ ಬಾಂಬಿಗೆ ದೊಡ್ಡ ಗೋಪುರ ಬಿತ್ತು. ನಮ್ಮ ಪುರಾತತ್ವ ಇಲಾಖೆಯವರು ಅಲ್ಲಿ ಜೀರ್ಣೋದ್ಧಾರ ಮಾಡುವಾಗ 2020ರಲ್ಲಿ ಒಂಬತ್ತನೇ ಶತಮಾನದ ಏಕಶಿಲೆಯ ಲಿಂಗ ಸಿಕ್ಕಿತು. ಫೋಟೊ ತೋರಿಸಿದೆ. ಆಯಿ ಫೋನನ್ನೇ ಕಣ್ಣಿಗೊತ್ತಿಕೊಂಡರು. ಮಾಣಿಗೆ ಅಲ್ಲಿಗೆ ಪಂಚೆ ಒಯ್ಯಬೇಕು ಅಂತ ಆಜ್ಞೆ ಆಗಿದೆ. 300 ಗ್ರಾಂ ಹೆಚ್ಚಾಯಿತು.

ಜೂನ್ ಮೊದಲ ವಾರ

ತಾಂಡೇಲನ ಬೋಟ್ ದಡದ ಮೇಲೆ ಬಂತು, ಬಲೆ ರಿಪೇರಿ ನಡೆದಿದೆ, ಹೊರಡುವ ಮೊದಲು ಅವನ ಪಾಲಿನದ್ದು ಮುಗಿಯುತ್ತದೆ. ವಿಯೆಟ್ನಾಂ ವೀಸಾ ಮೂವರಿಗೂ ಬಂದಿದೆ. ಇನ್ಶೂರೆನ್ಸ್ ಆಯಿತು.

ಬಾಕಿ ಇರುವುದು ತೋಟ. ಮಳೆ ಈ ಸಲ ಬೇಗ ಹಿಡಿದುಕೊಂಡಿತು, ಅರ್ಧ ತೋಟಕ್ಕೆ ಮಾತ್ರ ಔಷಧಿ ಹೊಡೆದಾಗಿದೆ. ಎರಡು ದಿನ ಬಿಸಿಲು ಬಿದ್ದರೆ ಉಳಿದದ್ದೂ ಮುಗಿಯುತ್ತದೆ. ಬೀಳದಿದ್ದರೆ ಮಾಣಿ ಬ್ಯಾಂಕಾಕ್ ಬಿಟ್ಟು ನಾಲ್ಕು ದಿನ ತಡವಾಗಿ ನೇರ ಚಿಯಾಂಗ್ ಮಾಯ್‌ಗೆ ಬರುವುದು ಅಂತ ಇನ್ನೊಂದು ಲೆಕ್ಕ ಹಾಕಿ ಇಟ್ಟಿದ್ದೇವೆ. ಟಿಕೆಟ್ ಬದಲಿಸುವ ದುಡ್ಡು ಮೂವರಲ್ಲಿ ಹಂಚಿಕೆ. ಈ ಶನಿವಾರ ನಾನೂ ತಾಂಡೇಲನೂ ಶಿರಸಿಗೆ ಹೋಗುತ್ತಿದ್ದೇವೆ, ಸುಣ್ಣ ಕಲಸುವುದಕ್ಕೆ, ಪೈಪ್ ಎಳೆಯುವುದಕ್ಕೆ ಜನ ಬೇಕಂತೆ. ಮುಂದಿನದ್ದು ಹುವಾಯ್ ಸಾಯ್ ತಲುಪಿದ ಮೇಲೆ ಬರೆಯುತ್ತೇನೆ.