ಮೈಲುತುತ್ತಿನ ನೀಲಿ, ಕಟಾಂಗದ ನೀಲಿ

ತೀರ್ಥಹಳ್ಳಿ, ಹೊಸನಗರದ ಕಡೆ ಮಳೆ ಹಿಡಿಯುವುದರೊಳಗೆ ಅಡಿಕೆಗೆ ಮೊದಲ ಸಲದ ಕೊಳೆರೋಗದ ಔಷಧಿ ಆಗಬೇಕು. ಲೆಕ್ಕ ಎಲ್ಲರ ಬಾಯಲ್ಲೂ ಇದೆ: 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ, 100 ಲೀಟರ್ ನೀರು. ಅರ್ಧ ನೀರಲ್ಲಿ ತುತ್ತು, ಅರ್ಧ ನೀರಲ್ಲಿ ಸುಣ್ಣ. ಸುಣ್ಣದ ನೀರಿಗೆ ತುತ್ತಿನ ನೀರನ್ನು ನಿಧಾನಕ್ಕೆ ಹೊಯ್ಯುತ್ತಾ ಕೋಲಲ್ಲಿ ತಿರುವಬೇಕು. ಉಲ್ಟಾ ಮಾಡಿದರೆ ಕಣ ದಪ್ಪವಾಗಿ ತಳ ಹಿಡಿಯುತ್ತದೆ, ನಾಜಲ್ ಕಟ್ಟುತ್ತದೆ, ಗೊನೆಗೂ ಅಂಟುವುದಿಲ್ಲ. ಕೊನೆಗೆ ಉಜ್ಜಿದ ಕತ್ತಿಯನ್ನು ಒಂದು ನಿಮಿಷ ಅದ್ದಿ ನೋಡುವುದು. ಅಲಗಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಹಿಂಗಾರ ಸುಡುತ್ತದೆ.

ಅಲಗಿಗೆ ಹತ್ತಿದ ಆ ಕೆಂಪು ತಾಮ್ರ. ಕಬ್ಬಿಣ ತಾನು ಕರಗಿ ತಾಮ್ರವನ್ನು ಹೊರಗೆ ತಳ್ಳುತ್ತದೆ. ಕಬ್ಬಿಣದ ಡ್ರಮ್ಮಲ್ಲಿ ತುತ್ತು ಕರಗಿಸಬೇಡಿ ಅನ್ನುವುದು ಇದಕ್ಕೇ. 1 ಕೆಜಿ ತುತ್ತಿನಲ್ಲಿ ತಾಮ್ರ ಸುಮಾರು 255 ಗ್ರಾಂ, ಉಳಿದದ್ದು ಗಂಧಕ, ಆಮ್ಲಜನಕ, ನೀರು.

ಆಫ್ರಿಕಾದ ಕಾಂಗೋ ದೇಶದ ಆಗ್ನೇಯಕ್ಕಿರುವ ಕಟಾಂಗ ಸೀಮೆಯ ಕೊಲ್ವೇಜಿಯಲ್ಲಿ ಗಣಿ ಪಕ್ಕದ ದೊಡ್ಡ ತೊಟ್ಟಿಗಳಲ್ಲಿ ನಿಂತಿರುವುದೂ ಇದೇ ನೀಲಿ ನೀರು. ಕಟಾಂಗದ ಮೇಲ್ಪದರದ ಅದಿರು ಹಸಿರು ಮ್ಯಾಲಕೈಟ್. ಶುದ್ಧವಾಗಿದ್ದರೆ ಅದರಲ್ಲಿ ಶೇ. 57 ತಾಮ್ರ. ಪುಡಿ ಮಾಡಿ ಗಂಧಕಾಮ್ಲದಲ್ಲಿ ಹಾಕಿದರೆ ಕರಗಿ ತುತ್ತಿನ ನೀರಾಗುತ್ತದೆ. ತೊಂದರೆ ಕೊಡುವುದು ಜೊತೆಯಲ್ಲಿರುವ ಡಾಲಮೈಟ್. ಅದು ಸುಣ್ಣದ ಜಾತಿಯ ಕಲ್ಲು, ಬುರುಗು ಎಬ್ಬಿಸಿ ಆಮ್ಲವನ್ನೆಲ್ಲ ತಾನೇ ಕುಡಿಯುತ್ತದೆ. ಹಾಗಾಗಿ ಅಲ್ಲಿ ಗಣಿಯ ಲಾಭ-ನಷ್ಟ ಆಮ್ಲದ ಖರ್ಚಿನ ಮೇಲೆ ನಿಂತಿದೆ. ಇನ್ನೂ ಆಳಕ್ಕಿಳಿದರೆ ಸಲ್ಫೈಡ್ ಅದಿರು. ಅದನ್ನು ಮೊದಲು ಹುರಿಯದೆ ಆಮ್ಲ ಹಿಡಿಯುವುದು ಕಷ್ಟ.

ಕರಗಿದ್ದನ್ನು ಸೀಮೆಎಣ್ಣೆ ತರಹದ ದ್ರಾವಕದಲ್ಲಿ ಸೋಸಿ, ಸೀಸದ ಹಲಗೆ ಮತ್ತು ಸ್ಟೀಲ್ ಹಲಗೆಗಳ ನಡುವೆ ಕರೆಂಟು ಹರಿಸುತ್ತಾರೆ. ಸ್ಟೀಲಿನ ಮೇಲೆ ವಾರದಲ್ಲಿ ತಾಮ್ರ ಹಾಳೆಯಾಗಿ ಬೆಳೆಯುತ್ತದೆ, ಹಲಸಿನ ಹಪ್ಪಳ ಎಬ್ಬಿಸಿದ ಹಾಗೆ ಬಿಡಿಸಿಕೊಳ್ಳಬಹುದು. ಹಾಳೆಯ ಮೇಲೆ ಗಂಟು ಬೆಳೆದು ಎದುರಿನ ಸೀಸಕ್ಕೆ ತಾಗಿದರೆ ಶಾರ್ಟ್ ಆಗುತ್ತದೆ. ಕರೆಂಟು ಪೋಲು, ಹಲಗೆ ಕಾವೇರುತ್ತದೆ, ತಾಮ್ರ ಬೆಳೆಯುವುದಿಲ್ಲ. ಎಲ್ಲ ಸರಿಯಿದ್ದರೆ 1 ಕೆಜಿ ತಾಮ್ರಕ್ಕೆ ಸುಮಾರು 2 ಯೂನಿಟ್. ಉಳಿದ ನೀರಿಗೆ ಸುಣ್ಣ ಅಥವಾ ಮೆಗ್ನೀಷಿಯಾ ಕೊಟ್ಟು ಹುಳಿ ತಗ್ಗಿಸಿದರೆ ಕೋಬಾಲ್ಟ್ ತಳಕ್ಕೆ ಕೂರುತ್ತದೆ. ನಮ್ಮ ಡ್ರಮ್ಮಿನಲ್ಲಿ ಸುಣ್ಣ ಮಾಡುವ ಕೆಲಸವೂ ಹೆಚ್ಚು ಕಡಿಮೆ ಇದೇ.

ಇಷ್ಟು ಗೊತ್ತಿದ್ದರೆ 1960ರಲ್ಲಿ ಕಟಾಂಗ ಕಾಂಗೋದಿಂದ ಪ್ರತ್ಯೇಕವಾದ ಕಥೆಯೂ ಬಿಡಿಸಿಕೊಳ್ಳುತ್ತದೆ. ಅದನ್ನು ಬರೀ ಜನಾಂಗ, ಶೀತಲ ಸಮರ ಅಂತ ಹೇಳಿ ಮುಗಿಸುವುದು ನನಗೆ ಅರ್ಧ ಉತ್ತರ ಅನ್ನಿಸುತ್ತದೆ. ಲುವಲಾಬಾ ನದಿಯ ಮೇಲೆ ನ್ಜಿಲೋ, ನ್ಸೆಕೆ ವಿದ್ಯುದಾಗಾರಗಳನ್ನು ಕಟ್ಟಿದ್ದು 1906ರಲ್ಲಿ ಹುಟ್ಟಿದ ಬೆಲ್ಜಿಯನ್ ಕಂಪನಿ ಯೂನಿಯನ್ ಮಿನಿಯೇರ್. ರೈಲು 1910ರಲ್ಲಿ ದಕ್ಷಿಣಕ್ಕಿದ್ದ ರೊಡೇಶಿಯಾ, ಅಂದರೆ ಇವತ್ತಿನ ಜಾಂಬಿಯಾ ಕಡೆಯಿಂದ ಬಂತು. ಆಮೇಲೆ ಅಂಗೋಲದ ಲೊಬಿಟೊ ಬಂದರಿಗೂ ಹಳಿ ಬಿತ್ತು. ಕರೆಂಟು ಅಲ್ಲಿನದೇ, ಸಮುದ್ರದ ದಾರಿ ಪಕ್ಕದ ದೇಶದ್ದು. ರಾಜಧಾನಿಯ ಹಂಗಿಲ್ಲದೆ ತಾಮ್ರ ಹೊರಗೆ ಹೋಗುತ್ತಿತ್ತು.

ಕಾಂಗೋ ಸ್ವತಂತ್ರವಾದದ್ದು 1960ರ ಜೂನ್ 30. ಹನ್ನೊಂದೇ ದಿನಕ್ಕೆ, ಜುಲೈ 11ರಂದು, ಕಟಾಂಗದ ನಾಯಕ ಮೊಯಿಸ್ ಚೊಂಬೆ ಹಿಸೆ ಕೇಳದೆ ಹಿಸೆ ತೆಗೆದುಕೊಂಡ, ಕಟಾಂಗವೇ ಬೇರೆ ದೇಶ ಅಂದ. ಕಂಪನಿ ತೆರಿಗೆಯನ್ನು ಅವನಿಗೇ ಕಟ್ಟಿತು, ಬೆಲ್ಜಿಯಂ ಸೈನ್ಯ ಬೆನ್ನಿಗಿತ್ತು. ಬಾವುಟದಲ್ಲಿ ಮೂರು ತಾಮ್ರದ ಶಿಲುಬೆ. ಹಿಂದೆ ಆ ಸೀಮೆಯಲ್ಲಿ ಹಣವಾಗಿ ಚಲಾವಣೆಯಲ್ಲಿದ್ದ ಎರಕದ ತುಂಡುಗಳವು. ಒಂದು ದೇಶವೂ ಅಧಿಕೃತವಾಗಿ ಮಾನ್ಯತೆ ಕೊಡಲಿಲ್ಲ. ಕಾಂಗೋದ ಪದಚ್ಯುತ ಪ್ರಧಾನಿ ಲುಮುಂಬಾರನ್ನು 1961ರ ಜನವರಿ 17ರಂದು ಕಟಾಂಗದಲ್ಲೇ ಕೊಂದರು. ಅದೇ ವರ್ಷ ಡಿಸೆಂಬರ್ 5ರಂದು ಎಲಿಜಬೆತ್‌ವಿಲ್‌ನಲ್ಲಿ, ಅಂದರೆ ಇವತ್ತಿನ ಲುಬುಂಬಾಶಿಯಲ್ಲಿ, ವಿಶ್ವಸಂಸ್ಥೆಯ ಪಡೆಯಲ್ಲಿದ್ದ ಗೂರ್ಖಾ ರೈಫಲ್ಸ್‌ನ ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾ ರಸ್ತೆ ತಡೆ ಒಡೆಯಲು ಹೋಗಿ ಮಡಿದರು. ಪರಮವೀರ ಚಕ್ರದ ಪಟ್ಟಿಯಲ್ಲಿ ಅವರ ಹೆಸರಿದೆ. 1963ರ ಜನವರಿಗೆ ಪ್ರತ್ಯೇಕ ದೇಶ ಮುಗಿಯಿತು.

ಸೇನೆಯ ಮೊಬುಟು ಕಾಂಗೋದ ಅಧಿಕಾರಕ್ಕೆ ಬಂದ ಮೇಲೆ ಕಂಪನಿ 1967ರಲ್ಲಿ ಸರ್ಕಾರದ್ದಾಯಿತು, 1971ರಲ್ಲಿ ಪ್ರಾಂತ್ಯದ ಹೆಸರು ಶಾಬಾ ಆಯಿತು. ಸ್ವಾಹಿಲಿಯಲ್ಲಿ ಶಾಬಾ ಅಂದರೆ ತಾಮ್ರ. ಹೆಸರಿಗಿಂತ ಗಟ್ಟಿ ಕೆಲಸ ಇಂಗಾ-ಶಾಬಾ ವಿದ್ಯುತ್ ಮಾರ್ಗ: ರಾಜಧಾನಿ ಕಿನ್ಶಾಸಾದ ಪಶ್ಚಿಮಕ್ಕಿರುವ ಇಂಗಾ ಅಣೆಕಟ್ಟಿನಿಂದ ಕೊಲ್ವೇಜಿಗೆ ಸುಮಾರು 1,700 ಕಿ.ಮೀ. 1982ರಲ್ಲಿ ಮುಗಿಯಿತು. ಸ್ವಿಚ್ ರಾಜಧಾನಿಯ ಕೈಗೆ ಬಂತು. ಅದು ಡಿಸಿ ಲೈನ್, ಅಂದರೆ ಕರೆಂಟು ಒಂದೇ ದಿಕ್ಕಿಗೆ ಹರಿಯುವಂಥದ್ದು, ದಾರಿಯಲ್ಲಿ ಟ್ರಾನ್ಸ್‌ಫಾರ್ಮರ್ ಇಟ್ಟು ಊರಿಗೆ ಕರೆಂಟು ಇಳಿಸಲು ಬರುವುದಿಲ್ಲ. ಪ್ರತಿ ಇಳಿತಕ್ಕೂ ಒಂದು ದುಬಾರಿ ಪರಿವರ್ತನಾ ಕೇಂದ್ರ ಬೇಕು. ತಲೆ ಮೇಲೆ ತಂತಿ, ಕೆಳಗೆ ಬುಡ್ಡಿ ದೀಪ. ಶರಾವತಿ ಹಿನ್ನೀರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಪ್ರಾಂತ್ಯಕ್ಕೆ ಕಟಾಂಗ ಅನ್ನುವ ಹಳೇ ಹೆಸರೇ ಮರಳಿತು, 2015ರಲ್ಲಿ ಅದನ್ನೇ ನಾಲ್ಕು ಪಾಲು ಮಾಡಿದರು. ತಾಮ್ರ, ಕೋಬಾಲ್ಟಿನ ದೊಡ್ಡ ಗಣಿಗಳು ಲುವಲಾಬಾ ಮತ್ತು ಹೋ-ಕಟಾಂಗಕ್ಕೆ ಹೋದವು. ಹೋ-ಲೊಮಾಮಿ, ಟಾಂಗನಿಕಾ ಬೇರೆಯಾದವು. ನಮ್ಮ ಕಡೆಯ ಹಿಸೆಯ ಭಾಷೆಯಲ್ಲಿ ಹೇಳುವುದಾದರೆ ತೋಟ ಇಬ್ಬರಿಗೆ, ಬರೀ ಹುಲ್ಲಿನ ಬ್ಯಾಣ ಇಬ್ಬರಿಗೆ.