ಜೈಲಿನಿಂದ ಬಂದ ಅಣ್ಣನಿಗೆ ನಾವು ಮನೆಯವರು ಎಂತ ಮಾಡಿದೆವು?

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಬಸ್‌ ಸ್ಟ್ಯಾಂಡಿನಲ್ಲಿ, ಮದುವೆ ಮನೆಯ ಕೈ ತೊಳೆಯುವ ಜಾಗದಲ್ಲಿ, ಕೆಲವೊಮ್ಮೆ ರಾತ್ರಿ ಫೋನಿನಲ್ಲಿ ಈ ಪ್ರಶ್ನೆ ಬರುತ್ತದೆ. ಮೊದಲು ಅಡಿಕೆ ರೇಟು, ಮಳೆ ಅಂತ ಏನೇನೋ ಮಾತಾಡುತ್ತಾರೆ. ಆಮೇಲೆ ಸ್ವರ ತಗ್ಗಿಸಿ, "ನಿಮ್ಮ ಅಣ್ಣ ಬಂದಾಗ ನೀವು ಎಂತ ಮಾಡಿದ್ದು? ನಮ್ಮವನೂ ಬರ್ಲಿಕ್ಕುಂಟು" ಅನ್ನುತ್ತಾರೆ. ಕೇಳುವವರು ಹೆಚ್ಚಾಗಿ ಅಮ್ಮಂದಿರು, ಅಕ್ಕತಂಗಿಯರು. ಒಬ್ಬೊಬ್ಬರಿಗೂ ಅರ್ಧಂಬರ್ಧ ಹೇಳಿ ಸಾಕಾಗಿದೆ. ಇಲ್ಲಿ ಪೂರ್ತಿ ಬರೆಯುತ್ತೇನೆ.

ನಡೆದದ್ದು ಇಷ್ಟು. ತೋಟದ ಅಗಳಿನ, ಅಂದರೆ ಗಡಿಯ ಕಂದಕದ, ತಕರಾರು. ಮಾತಿಗೆ ಮಾತು ಬೆಳೆಯಿತು, ಅಣ್ಣ ಹೊಡೆದ, ನೆರೆಮನೆಯವರು ಆಸ್ಪತ್ರೆಯಲ್ಲಿ ತೀರಿಹೋದರು. ಏಳು ವರ್ಷ ಶಿಕ್ಷೆಯಾಯಿತು. 2012ರಲ್ಲಿ ಕಣ್ಣೂರು ಸೆಂಟ್ರಲ್ ಜೈಲಿಗೆ ಹೋದವನು, ರಿಮಿಷನ್, ಅಂದರೆ ಶಿಕ್ಷೆಯಲ್ಲಿ ಸಿಗುವ ಕಡಿತ, ಕಳೆದು 2017ರಲ್ಲಿ ಹೊರಗೆ ಬಂದ. ಅವನು ಮಾಡಿದ್ದು ತಪ್ಪಲ್ಲ ಎಂದು ನಮ್ಮ ಮನೆಯಲ್ಲಿ ಯಾರೂ ಹೇಳಿಲ್ಲ. ಅವನೂ ಹೇಳಿಲ್ಲ.

ನಾವು ಮಾಡಿದ್ದರಲ್ಲಿ ಮುಖ್ಯವಾದದ್ದು ಅವನು ಬರುವ ಮೊದಲೇ ಆಗಿತ್ತು: ಕಾಣಲಿಕ್ಕೆ ಹೋಗುತ್ತಿದ್ದೆವು. ಬೆಳಿಗ್ಗೆ ಮೊದಲ ಬಸ್ಸಿಗೆ ಕಾಸರಗೋಡು, ಅಲ್ಲಿಂದ ರೈಲಿನಲ್ಲಿ ಕಣ್ಣೂರು, ಮತ್ತೆ ಬಸ್ಸಿನಲ್ಲಿ ಜೈಲಿರುವ ಪಳ್ಳಿಕ್ಕುನ್ನು. ಒಂದು ದಿನದ ಕೂಲಿ ಹೋಯಿತು, ಮಾತಾಡಲು ಸಿಕ್ಕಿದ್ದು ಕೆಲವು ನಿಮಿಷ. ಅಷ್ಟರಲ್ಲಿ ಅಮ್ಮ ಹಸು ಕರು ಹಾಕಿದ್ದು, ಬಾವಿಗೆ ಹೊಸ ಪಂಪು ಹಾಕಿಸಿದ್ದು, ಯಾರದೋ ಮಗಳಿಗೆ ಗಂಡು ನೋಡಿದ್ದು ಎಲ್ಲ ಹೇಳುತ್ತಿದ್ದರು. ಇದೆಲ್ಲ ಅವನಿಗೆ ಯಾಕೆ ಅಂತ ನನಗೆ ಆಗ ಸಿಟ್ಟು. ಆದರೆ ಅವನು ಬಂದ ಮೊದಲ ದಿನ ನೇರ ಹಟ್ಟಿಗೆ ಹೋಗಿ ಆ ಕರುವನ್ನು, ಅಷ್ಟರಲ್ಲಿ ಅದು ದನವಾಗಿತ್ತು, ಹೆಸರು ಹಿಡಿದು ಕರೆದ.

ಪೆರೋಲಿಗೆ, ಅಂದರೆ ಶಿಕ್ಷೆಯ ನಡುವೆ ಸ್ವಲ್ಪ ದಿನ ಮನೆಗೆ ಬಿಡುವುದಕ್ಕೆ, ಎರಡು ಸಲ ಅರ್ಜಿ ಹಾಕಿದೆವು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಅದಕ್ಕೆ ಪೊಲೀಸರ ವರದಿ ಬೇಕು, ಪ್ರೊಬೇಷನ್ ಆಫೀಸರ ವರದಿಯೂ ಬೇಕು. ಮನೆಯವರು ಸೇರಿಸಿಕೊಳ್ಳುತ್ತಾರಾ, ಊರಿನಲ್ಲಿ ಗಲಾಟೆ ಆದೀತಾ ಎಂದು ವಿಚಾರಿಸುತ್ತಾರೆ. ಅಮ್ಮ ಜಗಲಿಯಲ್ಲಿ ನಿಂತು, "ನನ್ನ ಮಗ, ನನ್ನ ಮನೆಗೆ ಬಾರದೆ ಮತ್ತೆಲ್ಲಿಗೆ ಹೋಗುವುದು?" ಅಂದರು. ಆದರೂ ಪೆರೋಲ್ ಸಿಗಲಿಲ್ಲ. ತೀರಿಹೋದವರ ಮನೆ ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿದೆ. ಅವರು ಬೇಡ ಅಂದಿದ್ದರು. ಅವರ ಜಾಗದಲ್ಲಿ ನಾನಿದ್ದರೂ ಬೇಡ ಅನ್ನುತ್ತಿದ್ದೆ.

ಬಂದ ಮೇಲೆ ನಾವು ಎಣಿಸಿದ ಕಷ್ಟಗಳು ಬರಲಿಲ್ಲ, ಎಣಿಸದೇ ಇದ್ದವು ಬಂದವು. ಜೈಲಿನಲ್ಲಿ ಸಂಜೆಯೇ ಊಟ ಕೊಟ್ಟು ಲಾಕಪ್ ಮಾಡುತ್ತಾರೆ. ಅಣ್ಣ ಮನೆಯಲ್ಲೂ ಸಂಜೆ ಐದಾದರೆ ಬಟ್ಟಲು ಹಿಡಿದು ಅಡಿಗೆಮನೆ ಬಾಗಿಲಲ್ಲಿ ನಿಲ್ಲುತ್ತಿದ್ದ. ಬಡಿಸಿಕೊಂಡು, ಇನ್ನೊಂದು ಬಟ್ಟಲು ಮುಚ್ಚಿ, ತನ್ನ ಚಾಪೆಯ ಪಕ್ಕ ಇಟ್ಟುಕೊಳ್ಳುತ್ತಿದ್ದ. ಊಟ ಮಾಡುವುದು ಏಳೂವರೆಗೆ, ಆರಿದ ಮೇಲೆ. "ಇದು ನಿನ್ನ ಮನೆ ಮಾರಾಯ, ಎಷ್ಟು ಹೊತ್ತಿಗೆ ಬೇಕಾದರೂ ಬಿಸಿ ಉಂಟು" ಅಂತ ನಾನು ಹತ್ತು ಸಲ ಹೇಳಿದೆ. ಅಮ್ಮ ಒಂದು ಸಲವೂ ಹೇಳಲಿಲ್ಲ. ಮರುವಾರದಿಂದ ಐದಕ್ಕೇ ಕುಚ್ಚಲಕ್ಕಿ ಅನ್ನ ಬಸಿಯಲು ಶುರು ಮಾಡಿದರು. ಎಂಟು ತಿಂಗಳು ಹಾಗೇ ನಡೆಯಿತು. ಆಮೇಲೆ ಒಂದು ದಿನ ಕ್ರಿಕೆಟ್ ಮ್ಯಾಚ್ ನೋಡುತ್ತಾ ಬಟ್ಟಲಿನ ವಿಷಯ ಮರೆತೇಬಿಟ್ಟ. ನಾವು ಸುಮ್ನೆ ಇದ್ದೆವು.

ಅವನ ಹಳೆ ಅಂಗಿಗಳನ್ನು ಅಮ್ಮ ಕಬಾಟಿನಲ್ಲಿ ಹಾಗೇ ಇಟ್ಟಿದ್ದರು. ಒಂದರ ಕಿಸೆಯಲ್ಲಿ ಐನೂರರ ಎರಡು ನೋಟು ಸಿಕ್ಕಿತು, 2016ರ ನವೆಂಬರಿನಲ್ಲಿ ರದ್ದಾದವು. ಅವನಿಗೆ ಸುದ್ದಿ ಗೊತ್ತಿತ್ತು, ಆದರೆ ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿದ. ಆ ದಿನ ಪೇಟೆಗೆ ಹೋಗಲು ಅವನಿಗೆ ಇನ್ನೂರು ರೂಪಾಯಿ ಕೊಟ್ಟೆ. ಅದಕ್ಕೂ ಲೆಕ್ಕ ತಂದು ಒಪ್ಪಿಸಿದ, ಚಾ ಎಷ್ಟು, ಬಸ್ಸಿಗೆ ಎಷ್ಟು ಅಂತ. ಆಮೇಲೆ ಕೈಯಲ್ಲಿ ಕೊಡುವುದನ್ನು ಬಿಟ್ಟೆವು. ಡಬ್ಬಿಯಲ್ಲಿ ಇಡುತ್ತಿದ್ದೆವು, ಬೇಕಾದವರು ತೆಗೆಯುವುದು.

ಕಾಗದದ ಕೆಲಸ ಬೇಗ ಮುಗಿಸಿ. ಆಧಾರ್, ರೇಷನ್ ಕಾರ್ಡು, ಬ್ಯಾಂಕು. ಜೈಲಿಗೆ ಹೋದವನಿಗೆ ಮತ್ತೆ ವೋಟಿಲ್ಲ ಎಂದು ನಮ್ಮ ಕಡೆ ತುಂಬಾ ಜನ ತಿಳಿದಿದ್ದಾರೆ. ಹಾಗಿಲ್ಲ. ಒಳಗಿರುವಾಗ ಮಾತ್ರ ವೋಟು ಹಾಕುವಂತಿಲ್ಲ. ಹೊರಗೆ ಬಂದ ಮೇಲೆ ಪಟ್ಟಿಯಲ್ಲಿ ಹೆಸರಿದ್ದರೆ ಹಾಕಬಹುದು, ಹೆಸರು ಹೋಗಿದ್ದರೆ ಮತ್ತೆ ಸೇರಿಸಿ. ಸ್ವಂತ ಕೆಲಸ ಶುರು ಮಾಡಲು ಕೇರಳದ ಸಾಮಾಜಿಕ ನ್ಯಾಯ ಇಲಾಖೆಯ ಸಹಾಯಧನ ಉಂಟು, ಪ್ರೊಬೇಷನ್ ಆಫೀಸಿನಲ್ಲಿ ಕೇಳಿ. ಕೇಸು ಇನ್ನೂ ನಡೆಯುತ್ತಿದ್ದು ಹುಡುಗ ಒಳಗಿದ್ದರೆ ವಕೀಲರಿಗೆಂದು ಚಿನ್ನ ಅಡವಿಡುವ ಮೊದಲು ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಜೈಲಿನಲ್ಲಿರುವವರಿಗೆ ಉಚಿತ ವಕೀಲರು ಸಿಗುತ್ತಾರೆ, ಆದಾಯ ಎಷ್ಟೆಂದು ನೋಡುವುದಿಲ್ಲ. ಅವರ ಸಹಾಯವಾಣಿ 15100ಕ್ಕೆ ಫೋನ್ ಮಾಡಿದರೂ ಆಯಿತು.

ಹಾಂ, ಮದುವೆ ವಿಷಯ. "ಒಂದು ಹುಡುಗಿ ನೋಡಿ, ಸರಿಯಾಗ್ತಾನೆ" ಎನ್ನುವ ದೊಡ್ಡಮ್ಮ ಎಲ್ಲರ ಮನೆಯಲ್ಲೂ ಇರುತ್ತಾರೆ. ಯಾರದೋ ಮಗಳನ್ನು ತಂದು ಔಷಧ ಮಾಡಬೇಡಿ.

ನಾವು ತಪ್ಪಿದ್ದೂ ಉಂಟು. ತರವಾಡಿನ, ಅಂದರೆ ಕುಟುಂಬದ ಮೂಲ ಮನೆಯ, ದೈವದ ಕೋಲಕ್ಕೆ ಅವನು ಬರುವುದು ಬೇಡ ಎಂದು ಮಾವ ಹೇಳಿ ಕಳಿಸಿದಾಗ ನಾವು ತಲೆ ಆಡಿಸಿ ಅವನನ್ನು ಬಿಟ್ಟು ಹೋದೆವು. ಪ್ರಸಾದ ತಂದು ಕೊಟ್ಟೆ. ತಗೊಂಡ, ಏನೂ ಹೇಳಲಿಲ್ಲ. ಮರುವರ್ಷ ಅಮ್ಮ, "ಅವನಿಲ್ಲದಿದ್ದರೆ ನಾನೂ ಇಲ್ಲ" ಅಂದರು. ಹೋದ. ಕೊನೆಯ ಸಾಲಿನಲ್ಲಿ ಹಲಸಿನ ಮರಕ್ಕೆ ಒರಗಿ ನಿಂತಿದ್ದ. ತೀರಿಹೋದವರ ಮನೆಯ ಅಕ್ಕನೂ ಬಂದಿದ್ದರು. ಅವರು ಅವನ ಮುಖ ನೋಡುವುದಿಲ್ಲ, ಇವತ್ತಿಗೂ. ಅವರು ಹಾಲು ಕೊಡಲು ಹೋಗುವ ಹೊತ್ತಿಗೆ ಅಣ್ಣ ದಾರಿಗೆ ಇಳಿಯುವುದಿಲ್ಲ. ಅದನ್ನು ನಾವು ಹೇಳಿಕೊಟ್ಟದ್ದಲ್ಲ.

ಈಗ ತೋಟದ ಕೆಲಸ, ಮಳೆಗಾಲದ ಮೊದಲು ನಾಲ್ಕೈದು ಮನೆಯ ಅಡಿಕೆಗೆ ಔಷಧಿ ಬಿಡುವುದು, ಹೀಗೆ ನಡೆಯುತ್ತಿದೆ. ಕನ್ನಡ ಶಾಲೆಯಲ್ಲಿ ಓದಿದವನು ಜೈಲಿನಲ್ಲಿ ಮಲಯಾಳ ಓದಲು ಕಲಿತು ಬಂದಿದ್ದಾನೆ. ಪಂಚಾಯತಿನಿಂದ ಮಲಯಾಳದ ನೋಟೀಸು ಬಂದರೆ, ಮೊದಲು ಗೇಟಿನ ಆಚೆಯಿಂದಲೇ ಮಾತಾಡಿ ಹೋಗುತ್ತಿದ್ದವರೂ ಈಗ ಒಳಗೆ ಬಂದು, "ಇದರಲ್ಲಿ ಎಂತ ಬರೆದಿದ್ದಾರೆ ನೋಡು" ಅನ್ನುತ್ತಾರೆ.

ಮೊನ್ನೆ ಬಸ್‌ ಸ್ಟ್ಯಾಂಡಿನಲ್ಲಿ ಸಿಕ್ಕ ಒಬ್ಬ ಅಮ್ಮನ ಮಗ ಮುಂದಿನ ತಿಂಗಳು ಬರುತ್ತಾನಂತೆ. ಕರೆಯಲು ಹೋಗುವಾಗ ಏನು ತಗೊಂಡು ಹೋಗಲಿ ಅಂತ ಕೇಳಿದರು. ಒಂದು ಜೊತೆ ಬಟ್ಟೆ ಅಂದೆ, ಹಳೆಯದು ಬೇಡ, ಅಳತೆ ಬದಲಾಗಿರುತ್ತದೆ. ಮತ್ತೆ ಇಬ್ಬರೇ ಹೋಗಿ, ಜೀಪು ತುಂಬಾ ಜನ ಬೇಡ. ದಾರಿಯಲ್ಲಿ ಹೋಟೆಲಿಗೆ ಕರೆದುಕೊಂಡು ಹೋಗಿ, ಎಂತ ಬೇಕು ಎಂದು ಅವನೇ ಹೇಳಲಿ. ಸ್ವಲ್ಪ ಹೊತ್ತು ಹಿಡಿಯುತ್ತದೆ.